ಹಣೆಬರಹವಿಲ್ಲದ ಗಾಡಿಗಳು

ಹಣೆಬರಹವನ್ನು ಓದಬಲ್ಲವರು ಯಾರೂ ಇಲ್ಲವೆಂಬುದು ಹಿರಿಯರಿಂದ ಬಂದ ಮಾತು. ಮನುಷ್ಯರ ಮಟ್ಟಿಗೆ ಅದು ನಿಜವೇ ಇರಬಹುದು. ಆದರೆ ಮೋಟಾರು ಗಾಡಿಯ ವಿಷಯದಲ್ಲಿ ಸರಕಾರವು ವಿಧಿಗಿಂತ ಹೆಚ್ಚಿನ ಉದಾರತೆಯನ್ನು ತೋರಿಸಿದೆ. ಗಾಡಿಯ ಹಣೆಯ ಮೇಲೆ ಏನು ಬರೆದಿರಬೇಕು, ಅಕ್ಷರದ ಎತ್ತರವೆಷ್ಟು, ದಪ್ಪವೆಷ್ಟು, ಅಕ್ಷರಗಳ ನಡುವೆ ಎಷ್ಟು ಅಂತರವಿರಬೇಕು ಎಂಬುದನ್ನೆಲ್ಲ ಮಿಲಿಮೀಟರಿನ ಲೆಕ್ಕದಲ್ಲಿ ಗೊತ್ತುಪಡಿಸಿ, ಹಾದಿಹೋಕರೆಲ್ಲರೂ ಅದನ್ನು ಓದಿಕೊಳ್ಳಲೆಂದು ಅಪ್ಪಣೆ ಮಾಡಿದೆ. ಮೋಟಾರು ಸೈಕಲ್ಲಿನ ಮುಂಭಾಗದ ಅಕ್ಷರಗಳು 30 ಮಿಲಿಮೀಟರು ಎತ್ತರ, 5 ಮಿಲಿಮೀಟರು ದಪ್ಪ ಇರತಕ್ಕದ್ದು. ಕಾರು, ಬಸ್ಸು, ಲಾರಿಗಳಲ್ಲಿ 65 ಮಿಲಿಮೀಟರು ಎತ್ತರ, 10 ಮಿಲಿಮೀಟರು ದಪ್ಪ. ಇಷ್ಟೊಂದು ಎಚ್ಚರಿಕೆಯಿಂದ ಬರೆಸಿದ ಹಣೆಬರಹವನ್ನು ಗಾಡಿಯ ಒಡೆಯನೇ ಕಿತ್ತು ಮನೆಯ ಮೂಲೆಗೆ ಎಸೆದರೆ ಏನು ಹೇಳಬೇಕು?

ಹಾಗೆ ಎಸೆದವರ ಸಂಖ್ಯೆ ಸಣ್ಣದಲ್ಲ. ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನಲ್ಲಿರುವ ತಾವರಗೇರಾ ಪಟ್ಟಣವನ್ನೇ ತೆಗೆದುಕೊಳ್ಳಬಹುದು. ಕುಷ್ಟಗಿ, ಗಂಗಾವತಿ, ಸಿಂಧನೂರು, ಮುದಗಲ್ಲುಗಳ ಕಡೆಯ ಹಾದಿಗಳು ಕೂಡುವ ಊರು ಅದು. ಒಂದು ಕಡೆ ಗಂಗಾವತಿಯ ಭತ್ತದ ಸೀಮೆ, ಇನ್ನೊಂದು ಕಡೆ ಸಜ್ಜೆ, ತೊಗರಿ, ದಾಳಿಂಬೆಗಳ ಒಣಭೂಮಿ. ಎರಡರ ಸರಕೂ ಜನವೂ ಈ ಹಾದಿಗಳ ಮೇಲೆಯೇ ಓಡಾಡಬೇಕು. ಸಂತೆಯ ದಿನ ಇಂಥ ಊರಿನ ರಸ್ತೆಯ ಪಕ್ಕದಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಜನವನ್ನು ಹೇರಿಕೊಂಡ ಟಂಟಂಗಳು, ಮೂವರನ್ನು ಕೂರಿಸಿಕೊಂಡ ಮೋಟಾರು ಸೈಕಲ್ಲುಗಳು, ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳು, ಸುಗ್ಗಿಯಲ್ಲಾದರೆ ಭತ್ತ ಕೊಯ್ಯುವ ಭಾರಿ ಯಂತ್ರಗಳು ಸಾಲಾಗಿ ಹಾದುಹೋಗುತ್ತವೆ. ಹಿಂಭಾಗದಲ್ಲಿ ಕೆ.ಎ. 37 ಎಂಬ ಜಿಲ್ಲೆಯ ಗುರುತು ಕಾಣುವ ಅನೇಕ ಗಾಡಿಗಳ ಮುಂಭಾಗ ಮಾತ್ರ ಬೋಳು. ಫಲಕವಿದ್ದ ಜಾಗದಲ್ಲಿ ಎರಡು ತಿರುಪಿನ ತೂತುಗಳು ಉಳಿದಿರುತ್ತವೆ.

“ಯಾಕೋ ತಮ್ಮಾ, ಮುಂದಿನ ನಂಬರ್ ಪ್ಲೇಟ್ ಎಲ್ಲಿ ಹೋತು?” ಎಂದು ಹಿರಿಯರೊಬ್ಬರು ಕೇಳಿದರೆ, ಅಲ್ಲಿಯ ಹುಡುಗರು ಕೊಡುವ ಉತ್ತರವು ಸಿದ್ಧವಾಗಿಯೇ ಇರುತ್ತದೆ:

“ಹಿಂದ ಐತಲ್ರಿ ಕಾಕಾ, ಮುಂದ್ಯಾಕ ಬೇಕು?”

ಇದು ತಾವರಗೇರಾದ ಹುಡುಗರೊಬ್ಬರದೇ ಪ್ರಶ್ನೆಯಲ್ಲ. ಹುಬ್ಬಳ್ಳಿಯ ಕಾಲೇಜು ರಸ್ತೆಯಲ್ಲಿಯೂ, ಬೆಂಗಳೂರಿನ ಜಯನಗರದಲ್ಲಿಯೂ ಮಾತಿನ ಧಾಟಿ ಬೇರೆಯಾದರೂ ಪ್ರಶ್ನೆ ಇದೇ. ನಗರದ ಸುಶಿಕ್ಷಿತ ಮನೆಗಳ ಮಕ್ಕಳೂ ಹೊಸ ಮೋಟಾರು ಸೈಕಲ್ಲು ಬಂದ ವಾರದಲ್ಲಿಯೇ ಮುಂದಿನ ಫಲಕವನ್ನು ಬಿಚ್ಚಿಡುತ್ತಾರೆ. ತಂದೆತಾಯಿಗಳು ಅದನ್ನು ಗಮನಿಸುವುದೇ ಇಲ್ಲ.

ಬಿಚ್ಚಿಡುವುದಕ್ಕೆ ಅವರವರ ಕಾರಣಗಳು ಅವರವರಿಗೆ. ಹೆಚ್ಚಿನವರಿಗೆ ಅದು ಕೇವಲ ಚೆಂದದ ವಿಷಯ: ಲಕ್ಷಾಂತರ ರೂಪಾಯಿ ಕೊಟ್ಟು ಕೊಂಡ ಗಾಡಿಯ ಮೋರೆಗೆ ತಗಡಿನ ಪಟ್ಟಿಯೊಂದು ಅಂಟಿಕೊಂಡರೆ ಅಂದ ಕೆಡುವುದೆಂಬ ಭಾವನೆ. ಕೆಲವರ ಫಲಕವು ಎಲ್ಲಿಯೋ ತಾಗಿ ಮುರಿದಿರುತ್ತದೆ. ಹೊಸದನ್ನು ಹಾಕಿಸಲು ಬಿಡುವು ಸಿಕ್ಕಿರುವುದಿಲ್ಲ, ವರುಷವಾದರೂ ಸಿಕ್ಕಿರುವುದಿಲ್ಲ. ಇನ್ನು ಕೆಲವರು ಫಲಕದ ಜಾಗದಲ್ಲಿ ಮನೆದೇವರ ಹೆಸರನ್ನೋ ಮೆಚ್ಚಿನ ನಟನ ಹೆಸರನ್ನೋ ಬರೆಸಿರುತ್ತಾರೆ. 8055 ಎಂಬ ಅಂಕಿಗಳನ್ನು ಇಂಗ್ಲಿಷಿನ ‘ಬಾಸ್’ ಎಂಬಂತೆ ಕಾಣುವಂತೆ ತಿರುಚಿ ಬರೆಸುವ ಚಾತುರ್ಯವೂ ದೇಶದಲ್ಲೆಲ್ಲ ಹರಡಿದೆ. ಇವರೆಲ್ಲರೂ ದುಷ್ಟರಲ್ಲ. ಆದರೆ ಇದೇ ಸಾಲಿನಲ್ಲಿ ಬೇರೆ ಜಾತಿಯ ಜನರೂ ಇದ್ದಾರೆ. ರಾತ್ರಿಯ ಹೊತ್ತು ಕಳ್ಳಮರಳನ್ನು ಸಾಗಿಸುವ ಟ್ರ್ಯಾಕ್ಟರಿನವನಿಗೂ, ಸರಗಳ್ಳತನಕ್ಕೆ ಹೊರಟ ಜೋಡಿಗೂ ಬೋಳು ಹಣೆಯೇ ಅನುಕೂಲ. ಚೆಂದಕ್ಕಾಗಿ ಫಲಕ ತೆಗೆದ ಸಜ್ಜನರ ಗುಂಪು ದೊಡ್ಡದಾದಷ್ಟೂ, ಅದರಲ್ಲಿ ಬೆರೆತುಹೋಗುವುದು ದುರ್ಜನರಿಗೆ ಸುಲಭವಾಗುತ್ತದೆ.

ಗಾಡಿಗೆ ಅಂಕಿ ಹಾಕುವ ಪದ್ಧತಿಯು ಕಳ್ಳರನ್ನು ಹಿಡಿಯುವುದಕ್ಕಾಗಿ ಹುಟ್ಟಿದ್ದಲ್ಲ. 1893ರಲ್ಲಿ ಪ್ಯಾರಿಸ್ ನಗರದ ಪೊಲೀಸರು ಮೋಟಾರು ಗಾಡಿಗಳಿಗೆ ಗುರುತಿನ ಫಲಕವನ್ನು ಕಡ್ಡಾಯ ಮಾಡಿದಾಗ, ಕುದುರೆಯಿಲ್ಲದೆ ಓಡುವ ಈ ಹೊಸ ಯಂತ್ರವು ಯಾರದೆಂದು ಬೀದಿಯ ಜನರಿಗೆ ತಿಳಿಯಲೆಂಬುದೇ ಉದ್ದೇಶವಾಗಿತ್ತು. ಕುದುರೆಗಾಡಿಯ ಒಡೆಯನನ್ನು ಊರು ಬಲ್ಲದು. ಗಂಟೆಗೆ ಹತ್ತಾರು ಮೈಲಿ ಓಡಿ ಮಾಯವಾಗುವ ಗಾಡಿಯ ಒಡೆಯನನ್ನು ಯಾರು ಬಲ್ಲರು? ಬ್ರಿಟನ್ನಿನಲ್ಲಿ 1903ರ ಕಾಯಿದೆಯು 1904ರ ಜನವರಿ 1ರಿಂದ ಜಾರಿಗೆ ಬಂದು ಅಂಕಿಗಳನ್ನು ಕಡ್ಡಾಯ ಮಾಡಿತು. ಭಾರತದಲ್ಲಿ 1914ರಲ್ಲಿ ಮೊದಲ ಮೋಟಾರು ಕಾಯಿದೆ, 1939ರಲ್ಲಿ ಎರಡನೆಯದು, 1988ರಲ್ಲಿ ಈಗಿನದು ಬಂದವು. ನಿಜಾಮರ ಆಳ್ವಿಕೆಯಲ್ಲಿದ್ದ ತಾವರಗೇರಾ ಪ್ರದೇಶವು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿ, 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರೆಯಾದ ಕೊಪ್ಪಳ ಜಿಲ್ಲೆಗೆ ಬಂದಿತು. ರಾಜ್ಯದ ಹೆಸರು ಬದಲಾಯಿತು, ಜಿಲ್ಲೆ ಬದಲಾಯಿತು, ಫಲಕದ ಅಕ್ಷರಗಳೂ ಬದಲಾದವು. ಮುಂದೊಂದು, ಹಿಂದೊಂದು ಫಲಕವಿರಬೇಕೆಂಬ ಕಟ್ಟಳೆ ಮಾತ್ರ ಇಂದಿಗೂ ನಿಂತಿದೆ.

ಹಳೆಯ ಮೋಟಾರು ಸೈಕಲ್ಲುಗಳನ್ನು ಕಂಡವರಿಗೆ ಅವುಗಳ ಮುಂದಿನ ಫಲಕವು ನೆನಪಿರಬಹುದು. ಮಡ್ಗಾರ್ಡಿನ ಬೆನ್ನಿನ ಮೇಲೆ ಮೀನಿನ ಈಜುರೆಕ್ಕೆಯಂತೆ ನೆಟ್ಟಗೆ ನಿಂತು, ಎರಡು ಪಕ್ಕಗಳಿಂದ ಓದುವಂತಿರುತ್ತಿತ್ತು. ಡಿಕ್ಕಿಯಾದಾಗ ಅದರ ಅಲಗಿನಂಥ ಅಂಚು ಪಾದಚಾರಿಗಳಿಗೆ ಅಪಾಯಕರವೆಂಬ ದೂರು ಇತ್ತು. ಬ್ರಿಟನ್ನು 1975ರಲ್ಲಿ ಮೋಟಾರು ಸೈಕಲ್ಲಿನ ಮುಂದಿನ ಫಲಕದ ಕಡ್ಡಾಯವನ್ನೇ ತೆಗೆದುಹಾಕಿತು. ಭಾರತದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಬೇರೆ ದಾರಿ ಹಿಡಿದವು: ಫಲಕ ಇರಲಿ, ಆದರೆ ಹ್ಯಾಂಡಲಿಗೆ ಸಮಾನಾಂತರವಾಗಿ, ಎದುರಿನಿಂದ ಓದುವಂತೆ ಇರಲಿ ಎಂದವು.

ಇಲ್ಲಿ ಬುದ್ಧಿವಂತ ಹುಡುಗನೊಬ್ಬನು ಎದುರುತ್ತರ ಕೊಡಬಹುದು. ಬ್ರಿಟನ್ನಿನಲ್ಲಿ ಬೈಕಿಗೆ ಬೇಡವಾದದ್ದು ಇಲ್ಲೇಕೆ ಬೇಕು? ಅಮೆರಿಕದ ಫ್ಲಾರಿಡಾ, ಪೆನ್ಸಿಲ್ವೇನಿಯಾ, ಮಿಷಿಗನ್ ಮೊದಲಾದ ಅನೇಕ ಸಂಸ್ಥಾನಗಳಲ್ಲಿ ಕಾರಿಗೂ ಹಿಂದಿನ ಫಲಕವೊಂದೇ ಸಾಕಲ್ಲವೆ? ಓಹಾಯೋ ಸಂಸ್ಥಾನವು 2020ರ ಜುಲೈ 1ರಿಂದ ಮುಂದಿನ ಫಲಕವನ್ನು ಕೈಬಿಡಲಿಲ್ಲವೆ? ಆಪಲ್ ಕಂಪೆನಿಯ ಸ್ಟೀವ್ ಜಾಬ್ಸ್ ಅಂಥವರೇ ಫಲಕವಿಲ್ಲದ ಕಾರಿನಲ್ಲಿ ಓಡಾಡುತ್ತಿದ್ದರಲ್ಲವೆ?

ಇದೆಲ್ಲವೂ ನಿಜವೇ. ಕ್ಯಾಲಿಫೋರ್ನಿಯಾದಲ್ಲಿ ಹೊಸ ಕಾರಿಗೆ ಫಲಕ ಹಾಕಲು ಆರು ತಿಂಗಳ ಅವಕಾಶವಿತ್ತು. ಜಾಬ್ಸ್ ಅವರು ಆರಾರು ತಿಂಗಳಿಗೊಮ್ಮೆ ಅದೇ ಬಗೆಯ ಹೊಸ ಕಾರನ್ನು ಬಾಡಿಗೆಗೆ ಪಡೆದು ಕಾನೂನಿನ ಸಂದಿಯಲ್ಲಿ ನುಸುಳುತ್ತಿದ್ದರೆಂಬುದು ಪ್ರಸಿದ್ಧ ಕಥೆ. ಆದರೆ ಆ ಕಥೆಯ ಉಳಿದರ್ಧವನ್ನೂ ಹೇಳಬೇಕು. ಅದೇ ಕ್ಯಾಲಿಫೋರ್ನಿಯಾ ಸಂಸ್ಥಾನವು 2019ರ ಆರಂಭದಿಂದ ಹೊಸ ಕಾರಿಗೂ ತಾತ್ಕಾಲಿಕ ಫಲಕವನ್ನು ಕಡ್ಡಾಯ ಮಾಡಿ ಆ ಸಂದಿಯನ್ನು ಮುಚ್ಚಿತು. ಇನ್ನು ಬ್ರಿಟನ್ನಿನ ಹಾದಿಗಳಲ್ಲಿ ಮೋಟಾರು ಸೈಕಲ್ಲುಗಳು ವಿರಳ. ಭಾರತದಲ್ಲಿ ನೋಂದಾಯಿತ ಗಾಡಿಗಳ ಪೈಕಿ ನಾಲ್ಕರಲ್ಲಿ ಮೂರು ಪಾಲಿನಷ್ಟು ದ್ವಿಚಕ್ರ ವಾಹನಗಳೇ. ಅಲ್ಲಿ ವಿನಾಯಿತಿ ಕೊಟ್ಟರೆ ಕೆಲವರಿಗೆ ಕೊಟ್ಟಂತೆ; ಇಲ್ಲಿ ಕೊಟ್ಟರೆ ಇಡೀ ಹಾದಿಗೇ ಕೊಟ್ಟಂತೆ.

ಅದಕ್ಕೂ ಮಿಗಿಲಾದ ಕಾರಣವು ತಾವರಗೇರಾದಂಥ ಊರಿನ ಹಾದಿಯಲ್ಲಿಯೇ ಇದೆ. ಅಲ್ಲಿ ನಡೆದುಹೋಗುವವರಿಗೆ ಬೇರೆ ಕಾಲುದಾರಿಯಿಲ್ಲ. ಶಾಲೆಗೆ ಹೋಗುವ ಮಗು, ಹೊಲಕ್ಕೆ ಬುತ್ತಿ ಒಯ್ಯುವ ತಾಯಿ, ಸಂತೆಯಿಂದ ಮರಳುವ ಮುದುಕ, ಎಲ್ಲರೂ ಡಾಂಬರಿನ ಅಂಚಿನಲ್ಲಿಯೇ ನಡೆಯಬೇಕು. ಎದುರಿನಿಂದ ಬರುವ ಗಾಡಿ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯಿರೆಂದು ಮಕ್ಕಳಿಗೆ ಶಾಲೆಯಲ್ಲಿ ಕಲಿಸುತ್ತಾರೆ. ಹಾಗೆ ನಡೆಯುವವರಿಗೆ ಕಾಣುವುದು ಗಾಡಿಯ ಮುಖವೇ ಹೊರತು ಬೆನ್ನಲ್ಲ. ಡಿಕ್ಕಿಯಾದ ಮೇಲೆ ಬೆನ್ನು ಕಾಣುವ ವೇಳೆಗೆ ಧೂಳೆದ್ದಿರುತ್ತದೆ. ಬಿದ್ದವರು ನೋಡುವ ಸ್ಥಿತಿಯಲ್ಲಿರುವುದಿಲ್ಲ. ನಿಂತವರು ಬಿದ್ದವರ ಕಡೆಗೆ ಓಡಿರುತ್ತಾರೆ. ಟ್ರೇಲರು ಕಟ್ಟಿದ ಟ್ರ್ಯಾಕ್ಟರಿನ ಹಿಂದಿನ ಅಂಕಿಯಂತೂ ಟ್ರೇಲರಿನ ಮರೆಯಲ್ಲಿ ಅಡಗಿರುತ್ತದೆ. ಅದಕ್ಕಾಗಿಯೇ ಟ್ರ್ಯಾಕ್ಟರಿನ ಅಂಕಿಯನ್ನು ಕೊನೆಯ ಟ್ರೇಲರಿನ ಮೇಲೆಯೂ ತೋರಿಸಬೇಕೆಂದು 1988ರ ಕಾಯಿದೆಯ 61ನೆಯ ಕಲಮು ಹೇಳುತ್ತದೆ. ಅದನ್ನು ಪಾಲಿಸುವ ಟ್ರೇಲರುಗಳನ್ನು ಎಣಿಸಲು ಬೆರಳುಗಳೇ ಸಾಕಾದಾವು. ಹಿಂದಿನದು ಮರೆಯಾಗಿ, ಮುಂದಿನದು ಇಲ್ಲವಾದರೆ, ಆ ಗಾಡಿಯನ್ನು ಲೋಕದಲ್ಲಿ ಗುರುತಿಸುವವರೇ ಇಲ್ಲ.

ಗುರುತು ಸಿಗದಿದ್ದರೆ ಏನಾಗುತ್ತದೆಂಬುದನ್ನು ರೂಪಾಯಿಯ ಲೆಕ್ಕದಲ್ಲಿಯೇ ನೋಡುವುದು ಒಳ್ಳೆಯದು.

ಮೂವತ್ತು ವರುಷದ ಗೌಂಡಿಯೊಬ್ಬನು ತಿಂಗಳಿಗೆ 15,000 ರೂಪಾಯಿ ಸಂಪಾದಿಸುತ್ತಾನೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಹೀಗೆ ನಾಲ್ವರು ಅವನನ್ನು ನಂಬಿದ್ದಾರೆ ಎಂದು ಭಾವಿಸೋಣ. ಸಂಜೆ ಕೆಲಸ ಮುಗಿಸಿ ಬರುವಾಗ ಗಾಡಿಯೊಂದು ಗುದ್ದಿ ಅವನು ತೀರಿಕೊಂಡನು. ಗಾಡಿಯ ಅಂಕಿ ಗೊತ್ತಾದರೆ ಒಡೆಯನು ಗೊತ್ತಾಗುತ್ತಾನೆ, ವಿಮಾ ಕಂಪೆನಿಯೂ ಗೊತ್ತಾಗುತ್ತದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ದಾವೆ ಹೂಡಬಹುದು. ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಮೊಕದ್ದಮೆಯಲ್ಲಿಯೂ, 2017ರ ಪ್ರಣಯ್ ಸೇಥಿ ಮೊಕದ್ದಮೆಯಲ್ಲಿಯೂ ಇಂಥ ಪರಿಹಾರದ ಲೆಕ್ಕವನ್ನು ಖಚಿತಗೊಳಿಸಿದೆ. ನಲವತ್ತರೊಳಗಿನ ಸ್ವಂತ ದುಡಿಮೆಯವನಾದ್ದರಿಂದ ಆದಾಯಕ್ಕೆ ನೂರಕ್ಕೆ 40ರಷ್ಟು ಸೇರಿಸಿದರೆ ತಿಂಗಳಿಗೆ 21,000, ವರುಷಕ್ಕೆ 2,52,000. ಅವನ ಸ್ವಂತ ಖರ್ಚಿಗೆಂದು ನಾಲ್ಕನೆಯ ಒಂದು ಭಾಗ ಕಳೆದರೆ 1,89,000. ಅವನ ವಯಸ್ಸಿಗೆ ಗೊತ್ತುಮಾಡಿದ 17ರಿಂದ ಗುಣಿಸಿದರೆ 32,13,000 ರೂಪಾಯಿ. ಅಂತ್ಯಕ್ರಿಯೆ ಮೊದಲಾದ ಬಾಬುಗಳ ಮೊತ್ತ ಬೇರೆ. ಆದಾಯವನ್ನು ರುಜುವಾತುಪಡಿಸಬೇಕು, ವಕೀಲರನ್ನು ಹಿಡಿಯಬೇಕು, ಅಲೆಯಬೇಕು, ಇವೆಲ್ಲ ಇದ್ದದ್ದೇ. ಆದರೂ ಆ ಮನೆಯ ಮಕ್ಕಳು ಓದಿ ದೊಡ್ಡವರಾಗುವ ದಾರಿಯೊಂದು ತೆರೆದಿರುತ್ತದೆ.

ಅಂಕಿ ಗೊತ್ತಾಗದಿದ್ದರೆ? ಒಡೆಯನಿಲ್ಲ, ವಿಮೆಯಿಲ್ಲ, ಎದುರುವಾದಿಯೇ ಇಲ್ಲ. ಗುದ್ದಿ ಓಡಿಹೋದ ಗಾಡಿಗಳಿಗೆ ಸಿಕ್ಕಿ ಸತ್ತವರ ಕುಟುಂಬಕ್ಕೆ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ಸರಕಾರದ ಯೋಜನೆಯಂತೆ ದೊರೆಯುವುದು 2,00,000 ರೂಪಾಯಿ. ತೀವ್ರವಾಗಿ ಗಾಯಗೊಂಡವರಿಗೆ 50,000. ಅದಕ್ಕೆ ಮುಂಚೆ ಈ ಮೊತ್ತಗಳು 25,000 ಮತ್ತು 12,500 ಮಾತ್ರವಾಗಿದ್ದುವು. ಮೂವತ್ತೆರಡು ಲಕ್ಷಕ್ಕೂ ಎರಡು ಲಕ್ಷಕ್ಕೂ ನಡುವಿನ ಅಂತರವು ಅಂಗೈಯಗಲದ ಒಂದು ತಗಡಿನ ಮೇಲೆ ನಿಂತಿರಬಹುದು. ಮೋಟಾರು ಸೈಕಲ್ಲಿನ ಫಲಕದ ಅಳತೆ 200 ಮಿಲಿಮೀಟರಿಗೆ 100 ಮಿಲಿಮೀಟರು.

ಇದು ಅಪರೂಪದ ಸಂಗತಿಯೆಂದು ಯಾರೂ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮಡಿದರು. ಅವರಲ್ಲಿ 30,486 ಮಂದಿ ಗುದ್ದಿ ಓಡಿಹೋದ ಗಾಡಿಗಳಿಗೆ ಬಲಿಯಾದವರು. ಇವರೆಲ್ಲರನ್ನೂ ಕೊಂದ ಗಾಡಿಗಳಿಗೆ ಫಲಕವಿರಲಿಲ್ಲವೆಂದು ಹೇಳಲಾಗದು. ಕತ್ತಲೆ, ವೇಗ, ಸಾಕ್ಷಿಗಳಿಲ್ಲದ ಹಾದಿ, ಹೀಗೆ ಕಾರಣಗಳು ಹಲವು. ಆದರೆ ಇರುವ ಒಂದು ಬೆಳಕನ್ನೂ ಬೇಕೆಂದೇ ನಂದಿಸುವುದಕ್ಕೆ ಯಾವ ಸಮರ್ಥನೆಯಿದೆ?

ಪರಿಹಾರದ ಆ ಎರಡು ಲಕ್ಷವಾದರೂ ಬಡವರ ಕೈಸೇರುತ್ತದೆಯೆ ಎಂದರೆ ಅದೂ ಇಲ್ಲ. 2022-23ರ ಸಾಲಿನಲ್ಲಿ ಇಡೀ ದೇಶದಿಂದ ಬಂದ ಅರ್ಜಿಗಳು 205, ಇತ್ಯರ್ಥವಾದವು 95. ಈ ಅಂಕಿಗಳನ್ನು ಕಂಡ ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ ಒಂದು ಆಜ್ಞೆಯನ್ನು ಹೊರಡಿಸಿತು. ಅಪಘಾತವಾಗಿ ಒಂದು ತಿಂಗಳೊಳಗೆ ಗಾಡಿಯ ಗುರುತು ಸಿಗದಿದ್ದರೆ, ಈ ಯೋಜನೆಯಿಂದ ಪರಿಹಾರ ಕೇಳಬಹುದೆಂಬುದನ್ನು ಪೊಲೀಸರೇ ನೊಂದವರಿಗೆ ಲಿಖಿತವಾಗಿ ತಿಳಿಸಬೇಕು ಎಂಬುದು ಅದರ ಸಾರ. ಅರ್ಜಿಯನ್ನು ಸಲ್ಲಿಸಬೇಕಾದದ್ದು ಕಂದಾಯ ಉಪವಿಭಾಗದ ಅಧಿಕಾರಿಗೆ ಅಥವಾ ತಹಶೀಲ್ದಾರರಿಗೆ. ಮಂಜೂರು ಮಾಡುವವರು ಜಿಲ್ಲಾಧಿಕಾರಿಗಳು. ನಗರದ ಮನೆಗಳಲ್ಲಿ ಕೆಲಸಕ್ಕೆ ಬರುವವರ, ಕಟ್ಟಡದಲ್ಲಿ ದುಡಿಯುವವರ ಕುಟುಂಬಗಳಿಗೆ ಇಂಥ ಆಪತ್ತು ಬಂದಾಗ, ಓದುಬರಹ ಬಲ್ಲವರು ಇಷ್ಟು ಮಾತನ್ನು ತಿಳಿಸಿ ಅರ್ಜಿ ಬರೆದುಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಅಪಘಾತವನ್ನು ಕಂಡವರು ಸಾಕ್ಷಿಯ ಗೊಡವೆಗೆ ಹೆದರಿ ಹಿಂಜರಿಯಬೇಕಾದದ್ದೂ ಇಲ್ಲ. ಗಾಯಾಳುವಿಗೆ ನೆರವಾದ ಸಜ್ಜನರನ್ನು ಪೀಡಿಸಬಾರದೆಂದು 2019ರ ತಿದ್ದುಪಡಿಯಿಂದ ಸೇರಿದ 134ಎ ಕಲಮು ರಕ್ಷಣೆ ಕೊಟ್ಟಿದೆ. ಗಾಡಿಯ ಅಂಕಿಯನ್ನು ನೆನಪಿಟ್ಟು ಹೇಳುವುದೂ ಗಾಯಕ್ಕೆ ಪಟ್ಟಿ ಕಟ್ಟುವಷ್ಟೇ ಮಹತ್ವದ ನೆರವು. ಆದರೆ ನೆನಪಿಡಲು ಮೊದಲು ಅಂಕಿ ಇರಬೇಕಷ್ಟೆ.

ಸರಕಾರವು ಕೈಕಟ್ಟಿ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಎಚ್.ಎಸ್.ಆರ್.ಪಿ. ಎಂದು ಮನೆಮಾತಾಗಿರುವ ಅತಿ ಸುರಕ್ಷಿತ ಫಲಕದ ನಿಯಮವು 2001ರಲ್ಲಿಯೇ ಬಂದಿತು. 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಒಂದು ಮಿಲಿಮೀಟರು ದಪ್ಪದ ಅಲ್ಯುಮಿನಿಯಂ ತಗಡು, ಮೂಲೆಯಲ್ಲಿ ಹೊಳೆಯುವ ಮುದ್ರೆ, ಲೇಸರ್ ಕಿರಣದಿಂದ ಕೊರೆದ ಗುರುತಿನ ಸಂಖ್ಯೆ, ಒಮ್ಮೆ ಹಾಕಿದರೆ ಮುರಿಯದೆ ತೆಗೆಯಲಾಗದ ಬೀಗ, ಇವು ಅದರ ಲಕ್ಷಣಗಳು. 2019ರ ಏಪ್ರಿಲ್ 1ರಿಂದ ಈಚಿನ ಗಾಡಿಗಳಿಗೆ ಅದು ಗಾಡಿಯೊಡನೆಯೇ ಬರುತ್ತದೆ. ಅದಕ್ಕೂ ಹಳೆಯ ಗಾಡಿಗಳಿಗೆ ಹಾಕಿಸಲೇಬೇಕೆಂದು ಕರ್ನಾಟಕ ಸರಕಾರವು 2023ರ ಆಗಸ್ಟಿನಲ್ಲಿ ಅಪ್ಪಣೆ ಹೊರಡಿಸಿ, ಬಳಿಕ ಗಡುವನ್ನು ಹಲವು ಬಾರಿ ಮುಂದೂಡಿತು. ಈ ಫಲಕಗಳು ಸಿಗುವುದು ಜೋಡಿಯಾಗಿ: ಮುಂದಿಗೊಂದು, ಹಿಂದಿಗೊಂದು. ಎರಡಕ್ಕೂ ಹಣ ಕೊಟ್ಟು, ಒಂದನ್ನು ಹಾಕಿಸಿ, ಇನ್ನೊಂದನ್ನು ಮನೆಯ ಮಾಡದಲ್ಲಿಡುವವರ ಜಾಣತನವನ್ನು ಮೆಚ್ಚಬೇಕಾದದ್ದೇ! ಫಲಕವು ಮುರಿದರೂ ಕಳೆದರೂ ಬೀದಿಯ ಅಂಗಡಿಯಲ್ಲಿ ಬರೆಸುವಂತಿಲ್ಲ. ಅಧಿಕೃತ ತಯಾರಕರಿಂದಲೇ ಬದಲಿ ಪಡೆಯಬೇಕು. ಕಳೆದುಹೋಗಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಡುವುದು ಒಡೆಯನ ಹಿತಕ್ಕೇ ಅವಶ್ಯ. ಕಳೆದ ಫಲಕವು ಕಳ್ಳನ ಗಾಡಿಗೆ ಏರಿದರೆ, ಸಮನ್ಸು ಬರುವುದು ಒಡೆಯನ ಮನೆಬಾಗಿಲಿಗೆ.

ಕಾಯಿದೆಯ ಸಾಮಾನ್ಯ ದಂಡವು ಮೊದಲ ತಪ್ಪಿಗೆ 500 ರೂಪಾಯಿಯವರೆಗೆ, ಮರುಕಳಿಸಿದರೆ 1,500 ರೂಪಾಯಿಯವರೆಗೆ. ಈಚಿನ ದಿನಗಳಲ್ಲಿ ಇದು ಕೆಲವರಿಗೆ ಒಂದು ಸಂಜೆಯ ಫಲಾಹಾರದ ಖರ್ಚು. ದಂಡಕ್ಕೆ ಹೆದರಿ ಮಾತ್ರ ಫಲಕ ಹಾಕುವವನು ಪೊಲೀಸರಿಲ್ಲದ ಹಾದಿಯಲ್ಲಿ ಅದನ್ನು ತೆಗೆದೇ ತೆಗೆಯುತ್ತಾನೆ. ತಾವರಗೇರಾದ ಸುತ್ತಲಿನ ಹಾದಿಗಳಲ್ಲಿ ಮೈಲಿಗಟ್ಟಲೆ ಪೊಲೀಸರಿರುವುದಿಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಅಂಕಿಗಳನ್ನು ತಾವಾಗಿಯೇ ಓದುವ ಕ್ಯಾಮೆರಾಗಳಿವೆ. ಹಳ್ಳಿಯ ಹಾದಿಯಲ್ಲಿ ಹಾದಿಹೋಕರ ಕಣ್ಣೇ ಕ್ಯಾಮೆರಾ.

ಮುಂದಿನ ಫಲಕವು ಪೊಲೀಸರಿಗೆ ಸಲ್ಲಿಸುವ ಕಪ್ಪವೆಂದು ತಿಳಿದಿರುವುದೇ ಎಲ್ಲ ತಪ್ಪಿಗೂ ಮೂಲ. ಅದು ಗಾಡಿಯವನು ತನಗೆ ಪರಿಚಯವಿಲ್ಲದ ಪಾದಚಾರಿಗೆ ಕೊಡುವ ಮಾತು: “ನನ್ನಿಂದ ನಿನಗೆ ಕೇಡಾದರೆ ನಾನು ಸಿಗುತ್ತೇನೆ, ನಿನ್ನ ಮಕ್ಕಳು ನನ್ನನ್ನು ಹುಡುಕಿಕೊಂಡು ಬರಬಹುದು.” ಬೇಕೆಂದೇ ಫಲಕವನ್ನು ಕಿತ್ತಿಟ್ಟವನು ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿರುತ್ತಾನೆ. ಅವನ ಮನಸ್ಸಿನಲ್ಲಿ ಅಂಥ ಯೋಚನೆ ಸುಳಿಯದಿರಬಹುದು. ಆದರೆ ಆಪತ್ತಿನ ಗಳಿಗೆಯಲ್ಲಿ, ಭಯದಿಂದ ಕಾಲು ಗಾಡಿಯ ವೇಗವನ್ನು ಹೆಚ್ಚಿಸುವ ಆ ಒಂದು ಕ್ಷಣದಲ್ಲಿ, ಯಾರೂ ಗುರುತಿಸಲಾರರೆಂಬ ಅರಿವು ಒಳ್ಳೆಯವನನ್ನೂ ಓಡಿಸಿಬಿಡಬಹುದು. ಹಣೆಯ ಮೇಲೆ ಅಂಕಿಯಿದ್ದವನಿಗೆ ನಿಲ್ಲುವುದು ಸುಲಭ.

ಮಹಾನವಮಿಯ ದಿನ ನಾಡಿನ ಮನೆಮನೆಯಲ್ಲಿಯೂ ಗಾಡಿಯನ್ನು ತೊಳೆದು, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಚಕ್ರದಡಿ ನಿಂಬೆಹಣ್ಣನ್ನಿಟ್ಟು ಪೂಜೆ ಮಾಡುತ್ತಾರೆ. ಒಳ್ಳೆಯದೇ. ಪೂಜೆ ಮುಗಿದ ಮೇಲೆ ಮಾಲೆಯನ್ನು ಸ್ವಲ್ಪ ಸರಿಸಿ, ಮುಂದಿನ ಫಲಕದ ಧೂಳನ್ನೂ ಒರೆಸಬೇಕು. ಫಲಕವೇ ಇಲ್ಲದಿದ್ದರೆ, ಮಾಡದಲ್ಲಿಟ್ಟದ್ದನ್ನು ಮನೆಯ ತಾಯಿಯೇ ತಂದು ಮಗನ ಕೈಗೆ ಕೊಡಬೇಕು. ಬನ್ನಿ ಕೊಟ್ಟು “ಬಂಗಾರದಂಗ ಇರು” ಎಂದು ಹರಸುವ ಹಬ್ಬದಲ್ಲಿ, ಹಾದಿಯ ಮೇಲಿನ ಅಪರಿಚಿತರ ಮಕ್ಕಳಿಗೂ ಆ ಹರಕೆಯ ಒಂದಂಶ ಸಲ್ಲಲಿ.